ಪೋಸ್ಟ್ ಆಫೀಸ್ ಉಳೀಬೇಕಾ? ಪೆನ್ನು ಹಿಡೀರಿ: ಪತ್ರ ಬರೆದು ಸಾರ್ವಜನಿಕ ಅಂಚೆಗೆ ಬಲ ಕೊಡೋದು ಹೇಗೆ

ಪೋಸ್ಟ್ ಆಫೀಸ್ ಮುಚ್ತಾರಂತೆ ಅನ್ನೋ ಸುದ್ದಿ ಬಂದ ದಿನ ಎಲ್ರಿಗೂ ಅಂಚೆ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿಬರುತ್ತೆ, ಹಳೇ ಟಪಾಲು ಡಬ್ಬಿ ಫೋಟೋ ಹಾಕ್ತಾರೆ, ಎಂಥಾ ಕಾಲ ಇತ್ತು ಅಂತಾರೆ. ಆದ್ರೆ ಆ ಡಬ್ಬಿ ಒಳಗೆ ಕೊನೇ ಸಲ ಒಂದು ಕವರ್ ಹಾಕಿದ್ದು ಯಾವಾಗ ಸ್ವಾಮಿ ಅಂತ ಕೇಳಿದ್ರೆ ಉತ್ತರ ಇರಲ್ಲ. ಅಂಚೆ ಯಾವ ದೇಶದ್ದೇ ಆಗ್ಲಿ, ಮುಚ್ಚೋ ಪಟ್ಟಿ ತಯಾರು ಮಾಡೋರ ಮುಂದೆ ಇರೋದು ನಮ್ಮ ನೆನಪುಗಳಲ್ಲ, ಡಬ್ಬಿಗೆ ಎಷ್ಟು ಬಿತ್ತು, ಕೌಂಟರ್‌ಗೆ ಎಷ್ಟು ಜನ ಬಂದ್ರು ಅನ್ನೋ ಅಂಕಿ. ಈ ಲೇಖನ ಪೂರ್ತಿ ಆ ಅಂಕಿ ಮೇಲೇ ನಿಂತಿದೆ, ಅದನ್ನ ನಾವು ನೀವು ಹೇಗೆ ಮೇಲಕ್ಕೆ ತಳ್ಳಬಹುದು, ಮತ್ತೆ ಅಧಿಕಾರದಲ್ಲಿರೋರಿಗೆ ಕೇಳಿಸೋ ಹಾಗೆ ಪತ್ರ ಬರೆಯೋದು ಹೇಗೆ ಅಂತ.

ಶುರು ಮಾಡೋ ಮುಂಚೆ ಒಂದು ಕಹಿ ಮಾತು. ನಾವೆಲ್ಲ ಕೂತು ಪತ್ರ ಬರೆದುಬಿಟ್ರೆ ಅಂಚೆ ನಷ್ಟ ತುಂಬಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅಮೆರಿಕದಲ್ಲಿ ಮಾಮೂಲಿ ಕಾಗದ, ಬಿಲ್ಲು ಹೋಗೋ ಫಸ್ಟ್ ಕ್ಲಾಸ್ ದರ್ಜೆಯ ಟಪಾಲು 2001ರಲ್ಲಿ ಹತ್ತು ಸಾವಿರ ಕೋಟಿ ದಾಟಿತ್ತು, ಈಗ ಅದರ ಅರ್ಧವೂ ಇಲ್ಲ. ಡೆನ್ಮಾರ್ಕ್‌ನಲ್ಲಂತೂ 2000ದಿಂದ ಈಚೆಗೆ ಪತ್ರಗಳು ಶೇಕಡ 90ಕ್ಕಿಂತ ಜಾಸ್ತಿ ಕುಸಿದು, 1624ರಿಂದ ನಡ್ಕೊಂಡು ಬಂದಿದ್ದ ಪತ್ರ ಹಂಚೋ ಕೆಲಸವನ್ನ ಅಲ್ಲಿನ ಅಂಚೆ ಸಂಸ್ಥೆ 2025ರ ಡಿಸೆಂಬರ್ 30ಕ್ಕೆ ನಿಲ್ಲಿಸೇಬಿಡ್ತು, ರಸ್ತೆಯಲ್ಲಿದ್ದ ಸುಮಾರು 1,500 ಡಬ್ಬಿಗಳನ್ನ ಕಿತ್ತು ಹಾಕಿದ್ರು, ಈಗ ಪತ್ರ ಹಂಚೋದು ಖಾಸಗಿ ಕಂಪನಿ. ಇಷ್ಟು ದೊಡ್ಡ ಗುಂಡೀನ ಹತ್ತು ಜನರ ಗೆಳೆಯರ ಬಳಗ ಮುಚ್ಚಕ್ಕಾಗಲ್ಲ. ನಮ್ಮ ಕೈಲಿ ಆಗೋದು ಎರಡು: ನಮ್ಮ ಏರಿಯಾದ ಡಬ್ಬಿ, ನಮ್ಮ ಏರಿಯಾದ ಕಚೇರಿ ಖಾಲಿ ಹೊಡೀದ ಹಾಗೆ ನೋಡ್ಕೊಳ್ಳೋದು ಒಂದು, ನಿರ್ಧಾರ ಮಾಡೋ ಟೇಬಲ್ ಮೇಲೆ ನಮ್ಮ ಕಾಗದ ಇರೋ ಹಾಗೆ ಮಾಡೋದು ಇನ್ನೊಂದು.

ಹೆಜ್ಜೆ 1: ನಿಮ್ಮ ಅಂಚೆ ಯಾವ ಕಾನೂನಿನ ಮೇಲೆ ನಿಂತಿದೆ ಅಂತ ತಿಳ್ಕೊಳ್ಳಿ

ಇದು ಬೋರಿಂಗ್ ಕೆಲಸ, ಆದ್ರೆ ಒಂದು ಸಂಜೆ ಸಾಕು. ಹುಡುಕಬೇಕಾಗಿರೋದು ಇಷ್ಟೇ: ಅಂಚೆ ಸರ್ಕಾರದ ಇಲಾಖೆನಾ ನಿಗಮನಾ, ದುಡ್ಡು ತೆರಿಗೆಯಿಂದ ಬರುತ್ತಾ ಸ್ಟ್ಯಾಂಪ್ ಮಾರಾಟದಿಂದ ಬರುತ್ತಾ, ಮೇಲೆ ನಿಯಂತ್ರಣ ಆಯೋಗ ಯಾವುದಿದೆ, ವಾರಕ್ಕೆ ಎಷ್ಟು ದಿನ ಹಂಚಲೇಬೇಕು ಅಂತ ಕಾನೂನು ಹೇಳುತ್ತೆ, ಒಂದು ಕಚೇರಿ ಮುಚ್ಚೋ ಮುಂಚೆ ಜನರನ್ನ ಕೇಳ್ಬೇಕಾ ಬೇಡ್ವಾ.

ಎಲ್ಲಾ ಕಡೆ ಇದರ ಬೇರು ಒಂದೇ. ಯಾವ ಮೂಲೆಯ ಮನೆಗಾದ್ರೂ ಸರಿ, ಒಂದೇ ದರಕ್ಕೆ ತಲುಪಿಸಬೇಕು ಅನ್ನೋ ಕಟ್ಟುಪಾಡು. 1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ದೂರ ನೋಡಿ, ಹಾಳೆ ಎಣಿಸಿ ದುಡ್ಡು ವಸೂಲಿ ಮಾಡ್ತಿದ್ರು, ಅದೂ ಸಾಮಾನ್ಯವಾಗಿ ಪತ್ರ ತಗೊಳ್ಳೋರ ಹತ್ರ. ರೋಲೆಂಡ್ ಹಿಲ್ ಅನ್ನೋರು ಲೆಕ್ಕ ಹಾಕಿ, ನಿಜವಾದ ಖರ್ಚು ದೂರದಲ್ಲಿಲ್ಲ, ವಸೂಲಿ ಮಾಡೋ ಹಂಚೋ ರಗಳೆಯಲ್ಲಿದೆ ಅಂತ ತೋರಿಸಿದ ಮೇಲೆ ದೇಶಕ್ಕೆಲ್ಲ ಒಂದೇ ದರ ಬಂತು, ಮುಂಚೆನೇ ದುಡ್ಡು ಕಟ್ಟಿದ್ದಕ್ಕೆ ಗುರುತಾಗಿ ಸ್ಟ್ಯಾಂಪೂ ಬಂತು. ಆ ಲೆಕ್ಕ ಇವತ್ತಿಗೂ ಹಾಗೇ ಇದೆ. ಪೋಸ್ಟ್‌ಮ್ಯಾನ್ ಒಂದು ಬೀದಿಗೆ ಐದು ಪತ್ರ ತಂದ್ರೂ ಅಷ್ಟೇ ದೂರ ನಡೀಬೇಕು, ಐವತ್ತು ತಂದ್ರೂ ಅಷ್ಟೇ, ಹಾಗಾಗಿ ನೀವು ಹಾಕೋ ಒಂದು ಎಕ್ಸ್‌ಟ್ರಾ ಪತ್ರಕ್ಕೆ ಖರ್ಚು ತೀರಾ ಕಮ್ಮಿ, ಪತ್ರ ಕಮ್ಮಿ ಆದಷ್ಟೂ ಉಳಿದ ಒಂದೊಂದರ ತಲೆ ಮೇಲೆ ಭಾರ ಜಾಸ್ತಿ. ಖಾಸಗಿಯವರು ಲಾಭ ಇರೋ ದಾರಿ ಆರಿಸ್ಕೋಬಹುದು, ಸಾರ್ವಜನಿಕ ಅಂಚೆಗೆ ಆ ಆಯ್ಕೆ ಇಲ್ಲ. ಯಾರ ಹತ್ರ ವಾದ ಮಾಡೋಕೆ ಹೋದ್ರೂ ಈ ಒಂದು ಪಾಯಿಂಟ್ ಬಾಯಲ್ಲಿರಲಿ.

ಮತ್ತೆ ಕಟ್ಟುಪಾಡು ಅಂದ್ರೆ ಕಲ್ಲಲ್ಲಿ ಕೆತ್ತಿದ್ದಲ್ಲ. ಬ್ರಿಟನ್ನಿನಲ್ಲಿ 2025ರ ಜುಲೈ 28ರಿಂದ ಸೆಕೆಂಡ್ ಕ್ಲಾಸ್ ಪತ್ರಗಳನ್ನ, ಅಂದ್ರೆ ಕಮ್ಮಿ ದರದಲ್ಲಿ ನಿಧಾನವಾಗಿ ಹೋಗೋ ಪತ್ರಗಳನ್ನ, ವಾರದ ದಿನಗಳಲ್ಲಿ ದಿನ ಬಿಟ್ಟು ದಿನ ಹಂಚಬಹುದು ಅಂತ ನಿಯಮ ಸಡಿಲ ಮಾಡಿದ್ರು. ಅಮೆರಿಕದಲ್ಲಿ ಉಲ್ಟಾ, 2022ರ ಕಾನೂನಿನಲ್ಲಿ ವಾರಕ್ಕೆ ಆರು ದಿನ ಹಂಚಲೇಬೇಕು ಅಂತ ಬರೆಸ್ಕೊಂಡ್ರು, ಜೊತೆಗೆ ನಿವೃತ್ತ ನೌಕರರ ಆರೋಗ್ಯ ವೆಚ್ಚಕ್ಕೆ ಮುಂಗಡವಾಗಿ ಹಣ ಎತ್ತಿಡಬೇಕು ಅನ್ನೋ 2006ರ ಭಾರವನ್ನೂ ಇಳಿಸಿದ್ರು. ಅಂದ್ರೆ ಅಂಚೆಯ ನಷ್ಟದಲ್ಲಿ ಒಂದಷ್ಟು ಕಾನೂನಿಂದಲೇ ಬಂದಿರಬಹುದು, ಬರೀ ಜನ ಪತ್ರ ಬಿಟ್ಟಿದ್ದಕ್ಕೇ ಅಲ್ಲ.

ಹೆಜ್ಜೆ 2: ಒಂದು ಡಬ್ಬಿ ಆರಿಸ್ಕೊಳ್ಳಿ, ಅದಕ್ಕೇ ಹಾಕಿ

ಇಲ್ಲೇ ಬಹಳ ಜನ ಎಡವೋದು. ಉತ್ಸಾಹದಲ್ಲಿ ಒಂದೇ ದಿನ ಮೂವತ್ತು ಕಾರ್ಡ್ ಬರೆದು ದಾರೀಲಿ ಸಿಕ್ಕ ಯಾವುದೋ ಡಬ್ಬಿಗೆ ಸುರಿದು ಬರ್ತಾರೆ, ಆಮೇಲೆ ಆರು ತಿಂಗಳು ಸುದ್ದಿ ಇಲ್ಲ. ಲೆಕ್ಕ ತಗೊಳ್ಳೋದು ಸರಾಸರಿಯಲ್ಲಿ. ಅಮೆರಿಕದ ನಿಯಮ ನೋಡಿ, ದಿನಕ್ಕೆ ಸರಾಸರಿ 25 ಪತ್ರಕ್ಕಿಂತ ಕಮ್ಮಿ ಬೀಳೋ ಡಬ್ಬಿ ತೆಗೆಯೋ ಪಟ್ಟಿಗೆ ಹೋಗಬಹುದು. ಈಗ ಹತ್ತು ಜನ ಸೇರಿ ವಾರಕ್ಕೆ ಎರಡೆರಡು ಪತ್ರ ಹಾಕ್ತೀರ ಅಂತಿಟ್ಕೊಳ್ಳಿ, ವಾರಕ್ಕೆ 20 ಆಯ್ತು, ಆರು ದಿನಕ್ಕೆ ಹಂಚಿದ್ರೆ ದಿನಕ್ಕೆ ಮೂರು ಚಿಲ್ಲರೆ. ಅಷ್ಟೇನಾ ಅನ್ಸುತ್ತೆ ಅಲ್ವಾ? ಆದ್ರೆ ಆ ಡಬ್ಬಿಗೆ ಈಗ ದಿನಕ್ಕೆ 22 ಬೀಳ್ತಾ ಇದ್ರೆ ಆ ಮೂರೇ ಅದನ್ನ ಗೆರೆ ದಾಟಿಸೋದು. ಇದೇ ಹತ್ತು ಜನ ಹತ್ತು ಬೇರೆ ಬೇರೆ ಡಬ್ಬಿಗೆ ಹಾಕಿದ್ರೆ ಯಾವ ಡಬ್ಬಿಗೂ ಉಪಯೋಗ ಇಲ್ಲ. ಹಾಗಾಗಿ ಆಫೀಸ್ ಹತ್ರ ಇರೋ ದೊಡ್ಡ ಕಚೇರಿ ಡಬ್ಬಿ ಬೇಡ, ಅದು ಹೇಗಾದ್ರೂ ಉಳ್ಕೊಳ್ಳುತ್ತೆ. ಬೀದಿ ಮೂಲೆಯಲ್ಲಿ ಬಣ್ಣ ಮಾಸಿ ನಿಂತಿದೆಯಲ್ಲ, ಅದನ್ನ ಹಿಡ್ಕೊಳ್ಳಿ. ಡಬ್ಬಿ ಮೇಲೆ ಬರೆದಿರೋ ಪತ್ರ ತೆಗೆಯೋ ಟೈಮ್ ನೋಡ್ಕೊಂಡು ಅದಕ್ಕೆ ಮುಂಚೆ ಹಾಕಿ, ಏನಾದ್ರೂ ನೋಟಿಸ್ ಅಂಟಿಸಿದ್ದಾರಾ ಅಂತಲೂ ಹಾಗೇ ಕಣ್ಣು ಹಾಯಿಸಿ.

ಸ್ಟ್ಯಾಂಪ್ ವಿಷ್ಯ. 2020ರಲ್ಲಿ ಅಮೆರಿಕದ ಅಂಚೆಗೆ ಕಷ್ಟ ಬಂತು ಅಂದಾಗ ಜನ ಹಾಳೆಗಟ್ಟಲೆ ಸ್ಟ್ಯಾಂಪ್ ಕೊಂಡು ಡ್ರಾಯರ್‌ನಲ್ಲಿಟ್ರು. ಒಳ್ಳೇ ಮನಸ್ಸು, ಇಲ್ಲ ಅನ್ನಲ್ಲ, ಅಂಚೆಯವರ ಕೈಗೆ ಒಂದಷ್ಟು ನಗದೂ ಬರುತ್ತೆ. ಆದ್ರೆ ಮಾರಿದ ಆದ್ರೆ ಬಳಕೆಯಾಗದ ಸ್ಟ್ಯಾಂಪು ಅವರ ಲೆಕ್ಕಪುಸ್ತಕದಲ್ಲಿ ಇನ್ನೂ ಕೊಡಬೇಕಾಗಿರೋ ಸೇವೆ ಅಂತ ಬಾಕಿ ಕಡೆ ಕೂತಿರುತ್ತೆ, ಪತ್ರಗಳ ಎಣಿಕೆಯಂತೂ ಒಂದೂ ಏರಲ್ಲ. ಕೊಂಡಿದ್ದನ್ನ ಅಂಟಿಸಿ ಕಳಿಸಿ. ಕೊಳ್ಳೋದನ್ನ ಸಾಧ್ಯ ಆದಷ್ಟು ಆ ಸಣ್ಣ ಕಚೇರಿಯ ಕೌಂಟರ್‌ನಲ್ಲೇ ಕೊಳ್ಳಿ, ಆನ್‌ಲೈನ್ ಬೇಡ, ಪಾರ್ಸೆಲ್ ಏನಾದ್ರೂ ಇದ್ರೆ ಅದನ್ನೂ ಅಲ್ಲೇ ಬುಕ್ ಮಾಡಿ.

ಹೆಜ್ಜೆ 3: ಯಾರಿಗೆ ಬರೀಬೇಕು, ಏನು ಬರೀಬೇಕು

ಯಾರಿಗೆ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಫೋನ್‌ನಲ್ಲಿ ಹುಟ್ಟುಹಬ್ಬಕ್ಕೆ ಒಂದು ಕೇಕ್ ಚಿತ್ರ ಕಳಿಸಿ ಸುಮ್ಮನಾಗ್ತೀರಲ್ಲ, ಆ ಲಿಸ್ಟ್ ಸಾಕು. ವಯಸ್ಸಾದ ಅತ್ತೆ, ಮಾವ, ಹಳೇ ಮೇಷ್ಟ್ರು, ಊರು ಬಿಟ್ಟು ಹೋದ ಗೆಳತಿ. ಮೊದಲನೇ ಪತ್ರಕ್ಕೆ ಉತ್ತರ ಬರ್ದೇ ಇದ್ರೆ ಬೇಜಾರು ಮಾಡ್ಕೋಬೇಡಿ, ಪಾಪ ಅವರ ಮನೇಲಿ ಸ್ಟ್ಯಾಂಪೇ ಇರಲ್ಲ. ಅದಕ್ಕೊಂದು ಉಪಾಯ ಇದೆ, ನಿಮ್ಮ ವಿಳಾಸ ಬರೆದು ಸ್ಟ್ಯಾಂಪ್ ಹಚ್ಚಿದ ಖಾಲಿ ಕವರ್ ಒಂದನ್ನ ಮಡಚಿ ಒಳಗೇ ಇಟ್ಟುಬಿಡಿ. ಅದನ್ನ ಬಿಸಾಕೋಕೆ ಯಾರಿಗೂ ಮನಸ್ಸು ಬರಲ್ಲ, ಒಂದು ಪತ್ರಕ್ಕೆ ಎರಡು ಆಗೋ ಸುಲಭ ದಾರಿ ಇದು.

ಏನು ಬರೆಯೋದು ಅನ್ನೋರಿಗೆ. ಇಲ್ಲಿ ಎಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಬರೆದಾದ ಮೇಲೆ ಪೆನ್ನು ನಿಂತುಹೋಗುತ್ತೆ, ಗೊತ್ತು. ಕ್ಷೇಮ ಸಮಾಚಾರ ಫೋನ್‌ನಲ್ಲೇ ಆಗೋಗಿರುತ್ತೆ, ಅದಕ್ಕೇ ಅದನ್ನ ಬಿಡಿ. ಫೋನ್‌ನಲ್ಲಿ ಹೇಳೋಕೆ ತೀರಾ ಸಣ್ಣದು ಅನ್ಸೋದನ್ನ ಬರೀರಿ, ಕಿಟಕಿ ಆಚೆ ಏನಾಗ್ತಿದೆ, ಏನು ಓದ್ತಾ ಇದೀರ, ಯಾವ ಹಳೇ ಜಗಳ ಇದ್ದಕ್ಕಿದ್ದ ಹಾಗೆ ನೆನಪಾಗಿ ನಗು ಬಂತು, ಆಮೇಲೆ ಕೊನೇಲಿ ಒಂದು ಪ್ರಶ್ನೆ ಕೇಳಿ ಬಿಡಿ, ಪ್ರಶ್ನೆ ಇದ್ರೆ ಉತ್ತರ ಬರುತ್ತೆ. ಒಂದು ಪುಟ ಸಾಕು. ಉದ್ದ ಬರೆಯೋಣ ಅಂತ ಕಾಯೋರು ಯಾವತ್ತೂ ಬರೆಯಲ್ಲ, ನನ್ನ ಕಣ್ಣಾರೆ ಕಂಡಿರೋ ಸತ್ಯ. ಕೈಬರಹ ಕೆಟ್ಟದು ಅನ್ನೋ ನೆಪ ಬೇಡ, ಟೈಪ್ ಮಾಡಿ ಪ್ರಿಂಟ್ ತೆಗೆದು ಕೆಳಗೆ ಸಹಿ ಹಾಕಿ, ಅಂಚೆಗೆ ಎರಡೂ ಒಂದೇ.

ವೃದ್ಧಾಶ್ರಮಕ್ಕೋ ಆಸ್ಪತ್ರೆಗೋ ಗುರುತಿಲ್ಲದವರಿಗೆ ಬರೆಯೋ ಆಸೆ ಇದ್ರೆ ಮೊದ್ಲು ಅಲ್ಲಿನವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ, ಸಂಸ್ಥೆಯ ವಿಳಾಸಕ್ಕೇ ಕಳಿಸಿ, ನಿಮ್ಮ ಮನೆ ವಿಳಾಸ, ಫೋನ್ ನಂಬರ್ ಹಾಕಬೇಡಿ. ಮಕ್ಕಳ ಕೈಲಿ ಬರೆಸ್ತೀರ ಅಂದ್ರೆ ಇದು ಇನ್ನೂ ಮುಖ್ಯ.

ಹೆಜ್ಜೆ 4: ಮೆಷಿನ್‌ಗೆ ಓದಕ್ಕಾಗೋ ಹಾಗೆ ವಿಳಾಸ ಬರೀರಿ

ದೊಡ್ಡ ವಿಂಗಡಣೆ ಕೇಂದ್ರಗಳಲ್ಲಿ ಕ್ಯಾಮೆರಾ ವಿಳಾಸ ಓದುತ್ತೆ, ಓದಕ್ಕಾಗ್ಲಿಲ್ಲ ಅಂದ್ರೆ ಅದು ಮನುಷ್ಯರ ಕಣ್ಣಿಗೆ ಹೋಗುತ್ತೆ, ಅಲ್ಲಿ ಟೈಮೂ ಖರ್ಚು ದುಡ್ಡೂ ಖರ್ಚು. ಅಂಚೆಗೆ ಸಹಾಯ ಮಾಡೋಕೆ ಹೊರಟು ಅವರ ಕೆಲಸ ಹೆಚ್ಚಿಸಬಾರದಲ್ವಾ. ಕಪ್ಪು ಇಲ್ಲ ಕಡು ನೀಲಿ ಇಂಕು, ತಿಳಿ ಬಣ್ಣದ ಕವರ್, ಅಕ್ಷರ ಬಿಡಿ ಬಿಡಿ, ಪೋಸ್ಟಲ್ ಕೋಡ್ ತಪ್ಪದೆ. ಮುಂಭಾಗದ ಕೆಳಗಿನ ಅಂಚು ಖಾಲಿ ಬಿಡಿ, ಎಷ್ಟೋ ಕಡೆ ಮೆಷಿನ್ ಬಾರ್‌ಕೋಡ್ ಹೊಡೆಯೋದು ಅಲ್ಲೇ. ಗುರುತಿಲ್ಲದವರಿಗೆ ಬರೆಯೋವಾಗ ಬಿಟ್ಟು, ಕಳಿಸೋರ ವಿಳಾಸ ಬರೆಯೋದು ಮರೀಬೇಡಿ. ಬೇರೆ ದೇಶಕ್ಕಾದ್ರೆ ಆ ದೇಶದ ಹೆಸರು ಕಟ್ಟಕಡೇ ಸಾಲಿನಲ್ಲಿ, ಅದೊಂದೇ, ದೊಡ್ಡ ಅಕ್ಷರದಲ್ಲಿ.

ಇನ್ನು ಚಂದ ಮಾಡೋ ಹುಚ್ಚು ಇರೋರಿಗೆ: ಅರಗಿನ ಮುದ್ರೆ, ಒಳಗೆ ಗುಂಡಿ, ನಾಣ್ಯ, ರಿಬ್ಬನ್ ಗಂಟು, ಇವೆಲ್ಲ ವೇಗವಾಗಿ ತಿರುಗೋ ರೋಲರ್‌ಗಳ ಮಧ್ಯೆ ಸಿಕ್ಕಿ ನಿಮ್ಮದೂ ಹರಿಯುತ್ತೆ, ಹಿಂದೆ ಬರೋರದ್ದೂ ಹರಿಯುತ್ತೆ. ಚೌಕಾಕಾರದ ಕವರ್‌ಗೆ ಕೆಲವು ದೇಶಗಳಲ್ಲಿ ಜಾಸ್ತಿ ದರ ಇದೆ, ಮೆಷಿನ್‌ಗೆ ಅದರ ತಲೆ ಯಾವುದು ಕಾಲು ಯಾವುದು ಗೊತ್ತಾಗಲ್ಲ ಅಂತ. ಚಂದ ಏನಿದ್ರೂ ಒಳಗಿನ ಹಾಳೆ ಮೇಲೆ ತೋರಿಸಿ.

ಹೆಜ್ಜೆ 5: ಗುಂಪು ಕಟ್ಟಿ, ಆದ್ರೆ ಸಣ್ಣದು

ಆರೇಳು ಜನ ಸಾಕು. ತಿಂಗಳಿಗೊಮ್ಮೆ ಯಾರದೋ ಮನೇಲೋ ಲೈಬ್ರರಿಯಲ್ಲೋ ಸೇರಿ, ಬರೋವಾಗ ಪ್ರತಿಯೊಬ್ರೂ ಎರಡು ವಿಳಾಸ ತರಲೇಬೇಕು, ಇದೊಂದೇ ರೂಲ್. ಫೋನ್ ಒಂದು ಬುಟ್ಟಿಗೆ ಹಾಕ್ಸಿ ಅಂತೆಲ್ಲ ಕೆಲವರು ಹೇಳ್ತಾರೆ, ನನಗೇನೋ ಅದು ಸ್ಕೂಲ್ ಥರ ಅನ್ಸುತ್ತೆ. ಬರೆದಿದ್ದನ್ನ ಎಲ್ರೂ ಜೊತೆಯಲ್ಲೇ ಹೋಗಿ ಆ ಡಬ್ಬಿಗೆ ಹಾಕಿ ಬರಬೇಕು, ನಾಳೆ ಹಾಕ್ತೀನಿ ಅಂತ ಬ್ಯಾಗ್‌ಗೆ ಸೇರಿದ ಪತ್ರ ಅಲ್ಲೇ ಕೊಳೆಯುತ್ತೆ. ಹೊಸಬರನ್ನ ಕರೆಯೋಕೆ ಒಂದು ನೆಪ ಬೇಕು ಅಂದ್ರೆ ಅಕ್ಟೋಬರ್ 1 ಇದೆ, 1869ರಲ್ಲಿ ಆಸ್ಟ್ರಿಯಾ-ಹಂಗೆರಿಯಲ್ಲಿ ಮೊದಲ ಪೋಸ್ಟ್‌ಕಾರ್ಡ್ ಬಂದ ದಿನ, ಅಕ್ಟೋಬರ್ 9 ಇದೆ, 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ವಿಶ್ವ ಅಂಚೆ ಒಕ್ಕೂಟ ಹುಟ್ಟಿದ ದಿನ. ಮಕ್ಕಳಿದ್ರೆ ಆ ಒಕ್ಕೂಟ 1971ರಿಂದ 9ರಿಂದ 15 ವರ್ಷದವರಿಗೆ ಪತ್ರ ಬರೆಯೋ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸ್ತಾ ಬಂದಿದೆ, ನಿಮ್ಮ ದೇಶದ ಅಂಚೆಯವರನ್ನ ಕೇಳಿ ನೋಡಿ.

ವಿಳಾಸ ಸಾಲ್ತಿಲ್ಲ ಅನ್ನೋರಿಗೆ ಪೋಸ್ಟ್‌ಕ್ರಾಸಿಂಗ್ ಅನ್ನೋ ವೆಬ್‌ಸೈಟ್ ಇದೆ. 2005ರಲ್ಲಿ ಪೋರ್ಚುಗಲ್‌ನ ಪಾವ್ಲೊ ಮಗಲ್ಯಾಯಿಶ್ ಶುರು ಮಾಡಿದ್ದು, ಇಲ್ಲಿವರೆಗೆ 7 ಕೋಟಿಗೂ ಹೆಚ್ಚು ಕಾರ್ಡ್ ಓಡಾಡಿವೆ. ನೀವು ಯಾರೋ ಒಬ್ಬ ಅಪರಿಚಿತರಿಗೆ ಕಾರ್ಡ್ ಕಳಿಸ್ತೀರ, ಸೈಟ್ ಕೊಟ್ಟ, ಕಾರ್ಡ್ ಮೇಲೆ ನೀವು ಬರೆದ ನಂಬರನ್ನ ಅವರು ಸೈಟ್‌ನಲ್ಲಿ ನಮೂದಿಸಿದ ಮೇಲೆ ಇನ್ಯಾರೋ ನಿಮಗೆ ಕಳಿಸ್ತಾರೆ. ಆ ನಂಬರ್ ಕಾರ್ಡ್ ಮೇಲೆ ಬರೆಯೋದು ಮರೆತ್ರೆ ಎಲ್ಲಾ ವ್ಯರ್ಥ, ಎರಡು ಕಡೆ ಬರೀರಿ.

ಹೆಜ್ಜೆ 6: ಅಧಿಕಾರದಲ್ಲಿರೋರಿಗೆ ಬರೆಯೋ ಪತ್ರ

ಇದೇ ಅಸಲಿ ಕೆಲಸ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪತ್ರಕ್ಕೆ ಬಗ್ಗಿದ್ದು ಇದೆಯಾ ಅಂದ್ರೆ, ಇದೆ. 2011ರಲ್ಲಿ ಅಮೆರಿಕದ ಅಂಚೆ ಸುಮಾರು 3,700 ಕಚೇರಿಗಳನ್ನ ಮುಚ್ಚೋ ಪರಿಶೀಲನಾ ಪಟ್ಟಿ ಹೊರಗೆ ಬಿಡ್ತು, ಹಳ್ಳಿಗಳಿಂದ ಗಲಾಟೆ ಎದ್ದು, ಪ್ರತಿನಿಧಿಗಳ ಮೇಲೆ ಒತ್ತಡ ಬಿದ್ದು, 2012ರ ಮೇ ತಿಂಗಳಲ್ಲಿ ಆ ಯೋಜನೆ ಬಿಟ್ಟು ಸುಮಾರು 13,000 ಸಣ್ಣ ಕಚೇರಿಗಳ ಟೈಮ್ ಕಡಿತ ಮಾಡ್ತೀವಿ ಅಂದ್ರು. ಪೂರ್ತಿ ಗೆಲುವಲ್ಲ, ಆದ್ರೆ ಬಾಗಿಲು ಉಳೀತು. ಕೆನಡಾದಲ್ಲಿ 2013ರ ಕೊನೇಲಿ ಮನೆ ಬಾಗಿಲಿಗೆ ಹಂಚೋದನ್ನ ನಿಲ್ಲಿಸೋ ಯೋಜನೆ ಬಂತು, ವಿರೋಧ ಜೋರಾಗಿ 2015ರ ಚುನಾವಣೆ ವಿಷ್ಯನೇ ಆಯ್ತು, ಯೋಜನೆ ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಯೋಜನೆಗೆ ಅಲ್ಲಿನ ಸರ್ಕಾರ ಮತ್ತೆ ಹಸಿರು ನಿಶಾನೆ ತೋರಿಸ್ತು. ಒಂದು ಸಲ ಗೆದ್ವಿ ಅಂತ ಫೈಲ್ ಮುಚ್ಚಿಡೋ ಹಾಗಿಲ್ಲ.

ಈಗ ಬರೆಯೋ ಕ್ರಮ. ಒಂದು ಪತ್ರಕ್ಕೆ ಒಂದೇ ವಿಷ್ಯ, ಒಂದೇ ಬೇಡಿಕೆ. ಕಚೇರಿ ಮುಚ್ಚಬೇಡಿ ಅನ್ನೋ ಪತ್ರದಲ್ಲಿ ಪಾರ್ಸೆಲ್ ಲೇಟ್ ಆಗಿದ್ದು, ಕ್ಯೂ ಉದ್ದ ಇರೋದು ಎಲ್ಲ ತುರುಕಿದ್ರೆ ಓದೋರು ಅದನ್ನ ದೂರು ವಿಭಾಗಕ್ಕೆ ತಳ್ಳಿ ಕೈ ತೊಳ್ಕೋತಾರೆ. ಮೊದಲ ಪ್ಯಾರಾದಲ್ಲೇ ಯಾವ ಕಚೇರಿ, ಯಾವ ಡಬ್ಬಿ, ಎಲ್ಲಿರೋದು, ಏನು ಬೇಕು ಅಂತ ಹೇಳಿಬಿಡಿ. ಎರಡನೇ ಪ್ಯಾರಾದಲ್ಲಿ ನೀವು ಅದನ್ನ ಹೇಗೆ ಬಳಸ್ತೀರ ಅನ್ನೋದು, ಬರೀ ಅಂಕಿ ಮತ್ತು ಸಂಗತಿ. ಹೀಗೆ:

"ಈ ಕಚೇರಿಗೆ ನಾನು ಪ್ರತಿ ವಾರ ಬರುತ್ತೇನೆ. ನನ್ನ ನೆರೆಯಲ್ಲಿ ವಾಹನವಿಲ್ಲದ ನಾಲ್ಕು ಹಿರಿಯ ಕುಟುಂಬಗಳಿವೆ, ಅವರ ಔಷಧ ಮತ್ತು ಪಿಂಚಣಿ ಕಾಗದಗಳು ಇಲ್ಲಿಗೇ ಬರುತ್ತವೆ. ಇದು ಮುಚ್ಚಿದರೆ ಮುಂದಿನ ಕಚೇರಿಗೆ ಹೋಗಿಬರಲು ಅವರಿಗೆ ಅರ್ಧ ದಿನ ಬೇಕು. ಮುಚ್ಚುವ ಪ್ರಸ್ತಾವವನ್ನು ಕೈಬಿಡಬೇಕೆಂದು, ಈ ಬಗ್ಗೆ ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇನೆ."

ಇಷ್ಟೇ. ಅಂಚೆ ನಮ್ಮ ಪರಂಪರೆ, ನಮ್ಮ ಹೆಮ್ಮೆ ಅಂತ ಎರಡು ಪುಟ ಬರೆದ್ರೆ ಓದೋ ಗುಮಾಸ್ತರಿಗೆ ಕಣ್ಣು ಒದ್ದೆ ಆಗಬಹುದು, ಫೈಲ್‌ನಲ್ಲಿ ಬರ್ಕೊಳ್ಳೋಕೆ ಏನೂ ಸಿಗಲ್ಲ. ನಿಮ್ಮ ಸುತ್ತ ದೃಷ್ಟಿ ಇಲ್ಲದವರು ಇದ್ರೆ ಅವರ ವಿಷ್ಯ ತಪ್ಪದೆ ಬರೀರಿ, ವಿಶ್ವ ಅಂಚೆ ಒಕ್ಕೂಟದ ನಿಯಮದಲ್ಲೇ ಅವರ ಬ್ರೈಲ್ ಪುಸ್ತಕ, ಕಾಗದಗಳಿಗೆ ಅಂಚೆ ದರದ ವಿನಾಯಿತಿ ಇದೆ, ಆ ಸವಲತ್ತು ಕೈಗೆ ಸಿಗಬೇಕು ಅಂದ್ರೆ ಹತ್ರದಲ್ಲಿ ಕಚೇರಿ ಇರ್ಬೇಕು.

ಒಂದೇ ನಮೂನೆ ಝೆರಾಕ್ಸ್ ಮಾಡಿ ಇನ್ನೂರು ಜನರ ಸಹಿ ಹಾಕ್ಸಿ ಕಳಿಸೋದು ನೋಡೋಕೆ ಭಾರಿ ಅನ್ಸುತ್ತೆ, ಆದ್ರೆ ಅದನ್ನ ತಗೊಳ್ಳೋರು ಒಂದೇ ಅರ್ಜಿ ಅಂತ ಕಟ್ಟಿ ಇಡೋ ಸಾಧ್ಯತೆನೇ ಜಾಸ್ತಿ. ಅದರ ಬದಲು ಇಪ್ಪತ್ತು ಜನ ತಮ್ಮ ತಮ್ಮ ಮಾತಲ್ಲಿ, ತಮ್ಮ ತಮ್ಮ ಕಾರಣ ಬರೆದು, ಬೇರೆ ಬೇರೆ ದಿನ ಹಾಕಿದ್ರೆ ಇಪ್ಪತ್ತಕ್ಕೂ ಬೇರೆ ಬೇರೆ ಉತ್ತರ ಬರೀಬೇಕಾಗುತ್ತೆ. ಗುಂಪಲ್ಲಿ ಪಾಯಿಂಟ್ಸ್ ಹಂಚ್ಕೊಳ್ಳಿ, ವಾಕ್ಯ ಹಂಚ್ಕೋಬೇಡಿ.

ಎಲ್ಲಿಗೆ ಕಳಿಸೋದು? ಆ ಭಾಗದ ಅಂಚೆ ಮುಖ್ಯಸ್ಥರಿಗೆ ಮೂಲ ಪ್ರತಿ, ನಿಯಂತ್ರಣ ಆಯೋಗಕ್ಕೆ, ನಿಮ್ಮ ಚುನಾಯಿತ ಪ್ರತಿನಿಧಿಗೆ ಒಂದೊಂದು ಪ್ರತಿ, ಸ್ಥಳೀಯ ಪತ್ರಿಕೆಯ ವಾಚಕರ ವಾಣಿಗೆ ಚಿಕ್ಕದು ಮಾಡಿ ಇನ್ನೊಂದು. ಪ್ರತಿ ಯಾರ್ಯಾರಿಗೆ ಹೋಗಿದೆ ಅಂತ ಪತ್ರದ ಕೊನೇಲಿ ಬರೆಯೋದು ಮರೀಬೇಡಿ, ಅದನ್ನ ನೋಡಿದ ಮೇಲೇ ಕೆಲವರು ಎದ್ದು ಕೂರೋದು. ಪ್ರತಿನಿಧಿಗೆ ರಾಜಧಾನಿಗಿಂತ ಕ್ಷೇತ್ರದ ಕಚೇರಿ ವಿಳಾಸ ಒಳ್ಳೇದು, ಅಮೆರಿಕದಲ್ಲಂತೂ 2001ರಲ್ಲಿ ಕವರ್ ಒಳಗೆ ಆಂಥ್ರಾಕ್ಸ್ ಅನ್ನೋ ಮಾರಕ ರೋಗಾಣುವಿನ ಪುಡಿ ಇಟ್ಟು ಕಳಿಸಿದ ಪ್ರಕರಣ ಆದ ಮೇಲೆ ಸಂಸತ್ತಿಗೆ ಹೋಗೋ ಟಪಾಲನ್ನ ವಿಕಿರಣ ಹಾಯಿಸಿ ತಪಾಸಣೆ ಮಾಡಿ ಕೊಡೋದ್ರಿಂದ ತಡ ಆಗುತ್ತೆ.

ಗಡುವು ಅಂತೂ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಕಾನೂನಿನಲ್ಲಿ ಕಚೇರಿ ಮುಚ್ಚೋ ಮುಂಚೆ ಜನರಿಗೆ 60 ದಿನದ ನೋಟಿಸ್ ಕೊಡ್ಬೇಕು, ನಿರ್ಧಾರ ಕಾಗದದಲ್ಲಿ ಇರ್ಬೇಕು, ಅದು ಬಂದ 30 ದಿನದೊಳಗೆ ಗ್ರಾಹಕರು ಆಯೋಗಕ್ಕೆ ಮೇಲ್ಮನವಿ ಹಾಕಬಹುದು, ಆಯೋಗ 120 ದಿನದಲ್ಲಿ ತೀರ್ಮಾನ ಹೇಳ್ಬೇಕು. ಬರೀ ನಷ್ಟ ಅನ್ನೋ ಕಾರಣಕ್ಕೆ ಸಣ್ಣ ಕಚೇರಿ ಮುಚ್ಚೋ ಹಾಗಿಲ್ಲ ಅಂತಲೂ ಅಲ್ಲಿದೆ. ನಿಮ್ಮ ದೇಶದಲ್ಲಿ ದಿನಗಳು ಬೇರೆ ಇರುತ್ತೆ, ಕೆಲವು ಕಡೆ ಇಂಥ ಹಕ್ಕೇ ಇರಲ್ಲ, ಅದಕ್ಕೇ ಮೊದಲನೇ ಹೆಜ್ಜೆಯ ಬೋರಿಂಗ್ ಕೆಲಸ ಮಾಡಿ ಅಂದಿದ್ದು. ಗಡುವು ಮುಗಿದ ಮಾರನೇ ದಿನ ಹೋದ ಪತ್ರ ಎಷ್ಟೇ ಚೆನ್ನಾಗಿರಲಿ ರದ್ದಿ.

ಹೆಜ್ಜೆ 7: ದಾಖಲೆ ಇಟ್ಕೊಳ್ಳಿ, ಮೆಚ್ಚುಗೆನೂ ಬರೀರಿ

ಕಳಿಸಿದ ಪ್ರತಿ ಪತ್ರದ ಫೋಟೋ, ತಾರೀಖು, ಕೌಂಟರ್ ರಸೀದಿ ಒಂದು ಫೈಲ್‌ಗೆ ಹಾಕಿ. ಮುಖ್ಯವಾದದ್ದನ್ನ ತಲುಪಿದ್ದಕ್ಕೆ ಸಹಿ ಸಿಗೋ ಸೇವೆಯಲ್ಲೇ ಕಳಿಸಿ, ಆಮೇಲೆ ನಮಗೆ ಬಂದೇ ಇಲ್ಲ ಅನ್ನೋ ಮಾತು ಬರಬಾರದು. ನಾಲ್ಕು ವಾರ ಉತ್ತರ ಇಲ್ಲ ಅಂದ್ರೆ ಹಳೇ ಪತ್ರದ ತಾರೀಖು ಹೇಳಿ ಮೂರು ಸಾಲಿನ ನೆನಪೋಲೆ ಹಾಕಿ. ಉತ್ತರ ಬಂದು ಅದರಲ್ಲಿ ಪರಿಶೀಲಿಸಲಾಗುವುದು ಅಂತ ಮಾತ್ರ ಇದ್ರೆ, ಯಾರು ಪರಿಶೀಲಿಸ್ತಾರೆ ಯಾವ ತಾರೀಖಿನ ಒಳಗೆ ಅಂತ ಕೇಳಿ ಮತ್ತೆ ಬರೀರಿ, ಮರ್ಯಾದೆ ಬಿಡದೆ.

ಜೊತೆಗೆ ಒಳ್ಳೇ ಕೆಲಸ ಮಾಡೋ ಪೋಸ್ಟ್‌ಮ್ಯಾನ್ ಅಥವಾ ಕೌಂಟರ್‌ನಲ್ಲಿರೋ ಅಮ್ಮ ಇದ್ರೆ ಅವರ ಮೇಲಧಿಕಾರಿಗೆ ಒಂದು ಮೆಚ್ಚುಗೆ ಪತ್ರ ಹಾಕಿ, ಯಾವ ದಿನ ಯಾವ ಸಹಾಯ ಮಾಡಿದ್ರು ಅಂತ ನಿರ್ದಿಷ್ಟವಾಗಿ ಬರೀರಿ. ದೂರುಗಳ ರಾಶಿ ಮಧ್ಯೆ ಇಂಥದ್ದು ಒಂದು ಇದ್ರೆ ಆ ಕಚೇರಿಗೂ ಒಳ್ಳೇದು. ಅವರ ಕೈಲಿ ಕಚೇರಿ ಉಳಿಸಿ ಅಂತ ಸಹಿ ಮಾತ್ರ ಹಾಕ್ಸಬೇಡಿ, ಸರ್ಕಾರಿ ನೌಕರರಿಗೆ ಅದರಿಂದ ತೊಂದರೆ ಆಗಬಹುದು, ಅವರ ಯೂನಿಯನ್ ಇದ್ರೆ ಅದರ ಪದಾಧಿಕಾರಿಗಳ ಹತ್ರ ಮಾತಾಡಿ. ಯಾವ ಕಚೇರಿ ಪಟ್ಟಿಯಲ್ಲಿದೆ ಅನ್ನೋ ಸುದ್ದಿ ಎಷ್ಟೋ ಸಲ ಅವರಿಗೇ ಮೊದ್ಲು ಗೊತ್ತಿರೋದು.